ಗಿರಗಿಟ್ಲೆ ಕೂತ ದಿನ

ಕಟಿಂಗ್ ಅಂಗಡಿ ನಡೆಸುತ್ತಿದ್ದ ಅವನನ್ನು ಬೀದಿಯವರೆಲ್ಲ ಗಿರಗಿಟ್ಲೆ ಎಂದೇ ಕರೆಯುತ್ತಿದ್ದರು. ಕೂತಲ್ಲಿ ಕೂರುವ ಪ್ರಾಣಿಯೇ ಅಲ್ಲ ಅದು. ಊಟವನ್ನೂ ತಟ್ಟೆ ಕೈಯಲ್ಲಿ ಹಿಡಿದು, ಅಡುಗೆಮನೆಯಿಂದ ಬೀದಿ ಬಾಗಿಲಿಗೆ ಓಡಾಡುತ್ತಲೇ ಮುಗಿಸುತ್ತಿದ್ದ.

"ಕಾಲಿಗೇನು ಚಕ್ರ ಕಟ್ಕೊಂಡಿದ್ದೀರಾ? ತಿಂದಿದ್ದು ಹೊಟ್ಟೆಗೆ ಇಳೀಬೇಕೋ ಬೇಡ್ವೋ?" ಎಂದು ಹೆಂಡತಿ ಗದರಿದರೆ, "ನಡೆದಷ್ಟೂ ಬೇಗ ಇಳಿಯುತ್ತೆ ಕಣೇ" ಎನ್ನುತ್ತಿದ್ದ.

ಇನ್ನು ಮಾತಂತೂ ಕೇಳಲೇಬೇಡಿ. ಗಿರಾಕಿಯ ಕುತ್ತಿಗೆಗೆ ಬಟ್ಟೆ ಕಟ್ಟಿದನೆಂದರೆ ಕತ್ತರಿಗಿಂತ ಮುಂಚೆ ಬಾಯಿ ಶುರುವಾಗುತ್ತಿತ್ತು. ತೂಕಡಿಸುವ ಗಿರಾಕಿಯ ಹತ್ತಿರವೂ ಮಾತು, ಕಿವಿ ಕೇಳದ ಗಿರಾಕಿಯ ಹತ್ತಿರವೂ ಮಾತು.

ಹುಡುಗನಾಗಿದ್ದಾಗ ಅವನು ಬಿ.ಎ. ಕೊನೆಯ ವರ್ಷದವರೆಗೂ ಓದಿದ್ದ. ಅಷ್ಟರಲ್ಲಿ ಅಂಗಡಿ ನಡೆಸುತ್ತಿದ್ದ ಅವನಪ್ಪನ ಕೈ ನಡುಗತೊಡಗಿತು. ನಡುಗುವ ಕೈಯಲ್ಲಿ ಕತ್ತಿ ಹಿಡಿದವನಿಗೆ ಗಲ್ಲ ಒಡ್ಡುವವರು ಯಾರು? ಮಗ ಪುಸ್ತಕ ಎತ್ತಿಟ್ಟು ಅಂಗಡಿಗೆ ಬಂದ. ನಾಲ್ಕು ದಿನದ ಮಟ್ಟಿಗೆ ಎಂದುಕೊಂಡದ್ದು ಇಪ್ಪತ್ತು ವರ್ಷವಾಗಿ ಹೋಯಿತು. ಅಪ್ಪ ತೀರಿಕೊಂಡರು, ಇವನ ಮೀಸೆ ನರೆಯಿತು, ಮಗಳು ಹೈಸ್ಕೂಲು ಸೇರಿದಳು.

ಒಂದು ದಿನ ಆ ಮಗಳೇ ಕೇಳಿದಳು. "ಅಪ್ಪಾ, ನೀನು ಎಷ್ಟು ಓದಿದ್ದೀಯ?"

"ಬಿ.ಎ. ಸ್ವಲ್ಪ ಬಾಕಿ ಇದೆ."

"ಇನ್ನೂ ಬಾಕೀನಾ? ಯಾವಾಗ ಮುಗಿಯುತ್ತೆ?"

ಅವಳು ಕೇಳಿ ಮರೆತಳು. ಅವನಿಗೆ ಮಾತ್ರ ಆ ಮಾತು ಕಾಲರಿನೊಳಗೆ ಸೇರಿಕೊಂಡ ಕೂದಲಿನ ಚೂರಿನಂತಾಯಿತು. ಕಾಣುವುದಿಲ್ಲ, ಸಿಗುವುದಿಲ್ಲ, ಚುಚ್ಚುವುದು ಬಿಡುವುದಿಲ್ಲ. ಮಳೆಗಾಲ ಶುರುವಾಗುವ ಹೊತ್ತಿಗೆ ಅವನು ಬೆಳಗಿನ ಕಾಲೇಜಿಗೆ ಹೆಸರು ಕೊಟ್ಟು ಬಂದಿದ್ದ. ಪಾಠ ಮುಗಿಸಿ ಬಂದು ಅಂಗಡಿ ತೆಗೆಯುತ್ತಿದ್ದ.

ತರಗತಿಯಲ್ಲೂ ಅದೇ ಅವಸ್ಥೆ. ಕಾಲು ಅಲ್ಲಾಡಿಸಿ ಅಲ್ಲಾಡಿಸಿ ಬೆಂಚೆಲ್ಲ ನಡುಗಿಸುತ್ತಾನೆಂದು ಹುಡುಗರು ದೂರು ಹೇಳಿದ ಮೇಲೆ, ಪಾಠ ಹೇಳುವ ಮೇಡಂ ಅವನಿಗೆ ಹಿಂದಿನ ಗೋಡೆಯ ಹತ್ತಿರ ನಿಂತುಕೊಳ್ಳಲು ಒಪ್ಪಿಗೆ ಕೊಟ್ಟರು. ಅವನಿಗೆ ಸ್ವರ್ಗ ಸಿಕ್ಕಂತಾಯಿತು. ಮುಂದೆ ಕೂತ ತಲೆಗಳಲ್ಲಿ ಮುಕ್ಕಾಲು ಪಾಲು ಅವನ ಕೈಯಲ್ಲೇ ಕಟಿಂಗ್ ಆದವು.

"ಅಣ್ಣಾ, ನನ್ನ ನೋಡ್ಬೇಡ. ಈ ಸಲ ಬೇರೆ ಕಡೆ ಮಾಡಿಸ್ಕೊಂಡೆ" ಎಂದು ಒಬ್ಬ ತಲೆ ಮುಚ್ಚಿಕೊಂಡರೆ, "ಗೊತ್ತಾಯ್ತು ಬಿಡೋ, ಕಿವಿ ಹಿಂದೆ ಇಲಿ ಕಡಿದ ಹಾಗಿದೆ" ಎನ್ನುತ್ತಿದ್ದ.

ಬರೆಯುವ ಪರೀಕ್ಷೆಗಳೆಲ್ಲ ಹೇಗೋ ದಡ ಸೇರಿದವು. ಉಳಿದದ್ದು ಕೊನೆಯದೊಂದು, ವೈವಾ. ಅಂದರೆ ತಾನು ಬರೆದ ಪ್ರಬಂಧದ ಮೇಲೆ ಪರೀಕ್ಷಕರು ಕೇಳಿದ್ದಕ್ಕೆ ಎದುರು ಕೂತು ಉತ್ತರ ಹೇಳುವುದು. ಮನೆಮನೆಗೆ ನಲ್ಲಿ ಬರುವ ಮುಂಚೆ ಊರಿನವರು ನೀರಿಗೆ ಏನು ಮಾಡುತ್ತಿದ್ದರು ಎಂಬುದನ್ನು ಅವನು ವಯಸ್ಸಾದ ಗಿರಾಕಿಗಳಿಂದ ಕೇಳಿ ಕೇಳಿ ಬರೆದಿದ್ದ. ಮಾತಿನಮಲ್ಲನಿಗೆ ವೈವಾ ಯಾವ ಲೆಕ್ಕ ಎಂದು ಎಲ್ಲರೂ ನಗಾಡಿದರು.

ಆದರೆ ಅಭ್ಯಾಸಕ್ಕೆಂದು ಮೇಡಂ ಅವನನ್ನು ಎದುರು ಕೂರಿಸಿಕೊಂಡು ಮೊದಲ ಪ್ರಶ್ನೆ ಕೇಳಿದಾಗ ಅವನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಎರಡನೆಯ ಪ್ರಶ್ನೆಗೆ ಬೆವರಿದ. ಮೂರನೆಯದಕ್ಕೆ ಎದ್ದು ಹೊರಗೆ ಹೋಗಿಬಿಟ್ಟ.

"ಪರೀಕ್ಷೆ ದಿನ ಹೀಗೆ ಮಾಡಿದ್ರೆ ನನ್ನ ಕೈಲೂ ಏನೂ ಆಗಲ್ಲ. ಇದರಲ್ಲಿ ಹೋದ್ರೆ ಡಿಗ್ರಿ ಸಿಗಲ್ಲ" ಎಂದರು ಮೇಡಂ.

ಮನೆಗೆ ಬಂದವನು ನಡೆದದ್ದನ್ನು ಹೇಳುತ್ತಲೇ ಒಲೆಯ ಮುಂದೆ ನಿಂತ, ಬಾಗಿಲಿಗೆ ಹೋದ, ಮತ್ತೆ ಬಂದ. ಹೆಂಡತಿಗೆ ತಲೆಸುತ್ತು ಬಂತು. "ಬನ್ನಿ ಅಂಗಡಿಗೆ, ನಾನು ಕೇಳ್ತೀನಿ ಪ್ರಶ್ನೆ" ಎಂದು ಎಳೆದುಕೊಂಡು ಹೋದಳು. ಗಿರಾಕಿಯ ಕುರ್ಚಿಯಲ್ಲಿ ಕೂತು ಕನ್ನಡಿಯಲ್ಲೇ ಅವನನ್ನು ನೋಡುತ್ತ, "ಹೇಳಿ, ಹಳೇ ಬಾವಿ ಯಾಕೆ ಮುಚ್ಚಿದ್ರು?" ಎಂದಳು. ಅವಳ ಬೆನ್ನ ಹಿಂದೆ ನಿಂತು ಅವನು ನಿಲ್ಲಿಸದೆ ಹೇಳಿದ. ಅವಳು ಕಾಲಿನಿಂದ ನೆಲ ಒದ್ದು ಕುರ್ಚಿಯನ್ನು ಗರ್ರನೆ ಅವನ ಕಡೆ ತಿರುಗಿಸಿದಳು. ಮಾತು ಟಪ್ಪೆಂದು ನಿಂತಿತು.

"ಅಯ್ಯೋ ರಾಮ! ನಿಮಗೆ ಮುಖ ನೋಡಿ ಮಾತಾಡೋ ಅಭ್ಯಾಸಾನೇ ತಪ್ಪಿದೆ ಕಣ್ರೀ. ನನ್ನ ಹತ್ರ ಮಾತಾಡೋದೂ ಬಾಗಿಲು ನೋಡ್ಕೊಂಡೇ."

ಅಂದಿನಿಂದ ದಿನಾ ಅದೇ ಕೆಲಸ. ಅವಳು ಕುರ್ಚಿಯನ್ನು ಇಷ್ಟಿಷ್ಟೇ ತಿರುಗಿಸುವುದು, ಇವನು ಮಾತು ಕಡಿಯದಂತೆ ಹೇಳುವುದು. ಅವಳ ಕಿವಿ ಕಾಣುವವರೆಗೆ ಬಂತು, ಕೆನ್ನೆಯವರೆಗೆ ಬಂತು. ಮೂಗಿನ ತುದಿ ಕಂಡದ್ದೇ ಇವನು ಒದ್ದಾಡಿ ಹೋಗುತ್ತಿದ್ದ. ಅಷ್ಟರಲ್ಲಿ ಪರೀಕ್ಷೆ ಬಂದೇಬಿಟ್ಟಿತು.

ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು. ಪಕ್ಕದಲ್ಲಿ ಮೇಡಂ. ಮೊದಲ ಪ್ರಶ್ನೆ ಬಂತು. ಇವನ ಕಾಲು ಕುಣಿಯಿತು, ಬೆರಳು ಗಾಳಿಯಲ್ಲಿ ಕತ್ತರಿ ಆಡಿಸಿತು, ಬಾಯಿ ಮಾತ್ರ ತೆರೆಯಲಿಲ್ಲ. ಮೇಡಂ ಕಣ್ಣು ಮುಚ್ಚಿಕೊಂಡರು. ಇನ್ನೇನು ಎದ್ದು ಓಡಬೇಕು, ಅಷ್ಟರಲ್ಲಿ ಅವನೇ ನೆಲ ನೋಡುತ್ತ ಒದರಿಬಿಟ್ಟ.

"ಸರ್, ನಾನು ಕಟಿಂಗ್ ಮಾಡೋನು. ಬೆನ್ನ ಹಿಂದೆ ನಿಂತೇ ಮಾತಾಡಿ ಅಭ್ಯಾಸ. ನಿಮ್ಮ ಹಿಂದೆ ಬಂದು ನಿಂತ್ಕೊಳ್ಲಾ?"

ಪರೀಕ್ಷಕರು ಅವನನ್ನೇ ನೋಡಿದರು. "ಜೇಬಲ್ಲಿ ಕತ್ತರಿ ಗಿತ್ತರಿ ಇಲ್ಲ ತಾನೇ?"

"ಇಲ್ಲ ಸರ್."

"ಬಾ ಹಾಗಾದ್ರೆ."

ಅವರ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟದ್ದೇ ತಡ, ಕಟ್ಟೆ ಒಡೆದಂತಾಯಿತು. ಕೆರೆಯ ಹಾದಿ, ಬಾವಿಕಟ್ಟೆಯ ಜಗಳ, ರಾಟೆಯ ಕಿರುಗುಟ್ಟುವಿಕೆ, ಸರದಿಗಾಗಿ ಸಾಲಿಟ್ಟ ಕೊಡಗಳು, ಎಲ್ಲವೂ ಹರಿದು ಬಂದವು. ಅವರು ಕೇಳುತ್ತಾ ಹೋದರು, ಇವನು ಹೇಳುತ್ತಾ ಹೋದ. ಮೈಮರೆತು, ಎರಡು ಬೆರಳಿನಿಂದ ಅವರ ನೆತ್ತಿ ಮುಟ್ಟಿ, "ತಲೆ ಸ್ವಲ್ಪ ಬಗ್ಗಿಸಿ ಸರ್" ಎಂದುಬಿಟ್ಟ.

ಪರೀಕ್ಷಕರು ತಲೆ ಬಗ್ಗಿಸಿದರು!

ಇವನು ಗಕ್ಕನೆ ಕೈ ಹಿಂದಕ್ಕೆ ಎಳೆದುಕೊಂಡ. ಬಗ್ಗಿದ ತಲೆ ಮೆಲ್ಲಗೆ ಕುಲುಕತೊಡಗಿತು. ನೋಡಿದರೆ ಅವರು ನಗುತ್ತಿದ್ದರು. ಮೇಡಂ ಬಾಯಿಗೆ ಸೆರಗು ಒತ್ತಿಕೊಂಡಿದ್ದರು.

"ಸಾಕು, ಮುಂದೆ ಬಾರಪ್ಪ" ಎಂದರು ಪರೀಕ್ಷಕರು, ಕಣ್ಣೊರೆಸಿಕೊಂಡು. "ಇನ್ನೊಂದೇ ಪ್ರಶ್ನೆ. ಇದನ್ನ ಮಾತ್ರ ನನ್ನ ಮುಖ ನೋಡಿ ಹೇಳ್ಬೇಕು. ಅಂಗಡಿ ಇದೆ, ಸಂಸಾರ ಇದೆ. ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕಿತ್ತು?"

ಅವನು ಬಂದು ಎದುರು ಕೂತ. ಬಾಗಿಲು ನೋಡಿದ. ಹೆಂಡತಿಯ ಮೂಗಿನ ತುದಿ ನೆನಪಾಯಿತು. ತಲೆಯೆತ್ತಿ ಅವರ ಕಣ್ಣನ್ನೇ ನೋಡಿದ.

"ಅರ್ಧ ಕಟಿಂಗ್ ಆದಾಗ ಎದ್ದು ಬೀದಿಗೆ ಹೋದವನು ಹೇಗಿರ್ತಾನೆ ಸರ್? ಯಾರಾದ್ರೂ ನೋಡ್ತಾರೇನೋ ಅಂತ ಒಂದು ಕಡೆ ನಿಲ್ಲಕ್ಕಾಗಲ್ಲ, ಕೂರಕ್ಕಾಗಲ್ಲ. ನಾನು ಇಷ್ಟು ವರ್ಷ ಹಾಗೇ ತಿರುಗಿದ್ದೀನಿ."

ಪರೀಕ್ಷಕರು ಪೆನ್ನಿನ ಮುಚ್ಚಳ ಹಾಕಿದರು. "ಪಾಸು ಅಂತ ಇಲ್ಲೇ ಹೇಳೋ ಹಾಗಿಲ್ಲ. ಹೋಗಿ ನಿಶ್ಚಿಂತೆಯಾಗಿ ಅಂಗಡಿ ತೆಗಿ."

ಹೊರಗೆ ಜಗಲಿಯ ಬೆಂಚಿನ ಮೇಲೆ ಹೆಂಡತಿ ಕಾಯುತ್ತಿದ್ದಳು. ಅವನು ಬಂದು ಪಕ್ಕದಲ್ಲಿ ಕೂತ. ಕಾಲು ಒಂದೆರಡು ಸಲ ಕುಣಿದು ಸುಮ್ಮನಾಯಿತು. ಅವಳ ಕಡೆ ಪೂರ್ತಿ ತಿರುಗಿ, ಆದದ್ದನ್ನೆಲ್ಲ ಹೇಳತೊಡಗಿದ.

ಅವಳು ಕೆನ್ನೆ ಒರೆಸಿಕೊಂಡಳು. "ಏನ್ರೀ ಹಾಗೆ ನೋಡ್ತೀರಿ? ಮುಖಕ್ಕೆ ಏನಾದ್ರೂ ಅಂಟಿದೆಯಾ?"