ಕಾಲು ಸುತ್ತು

ನಮ್ಮ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಏಣಿ ಅಂತಲೇ ಕರೆಯುತ್ತಿದ್ದರು. ಇಸ್ತ್ರಿಯಾದ ಬಟ್ಟೆ ನೇತುಹಾಕುವ ಕಬ್ಬಿಣದ ಪೈಪು ಚಾವಣಿಯ ಹತ್ತಿರ ಇದೆ. ನಾವೆಲ್ಲ ಕೊಕ್ಕೆಕೋಲು ಹಿಡಿದು ಹ್ಯಾಂಗರ್ ಇಳಿಸಬೇಕು, ಅವಳು ಕೈ ಚಾಚಿದರೆ ಸಾಕು. ಹದಿನಾರು ವರ್ಷ ಅವಳ ಪಕ್ಕದ ಮೇಜಿನಲ್ಲೇ ಇಸ್ತ್ರಿ ತಿಕ್ಕಿದವಳು ನಾನು. ಇಲ್ಲಿ ಹೇಳುವುದರಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು. ಉಳಿದದ್ದು ಅವಳೇ ಹಬೆಯ ಸದ್ದಿನ ಮರೆಯಲ್ಲಿ ನನ್ನ ಕಿವಿಗೆ ಹೇಳಿದ್ದು.

ಎದುರು ರಸ್ತೆಯ ಸೆಲೂನಿನ ಟವೆಲ್‌ಗಳು ನಮ್ಮಲ್ಲಿಗೇ ಒಗೆಯಲು ಬರುತ್ತಿದ್ದವು. ದಿನಾ ಬೆಳಿಗ್ಗೆ ಒಗೆದ ಗಂಟನ್ನು ತಲುಪಿಸುವ ಕೆಲಸ ಅವಳದು. ಮೊದಲ ದಿನವೇ ಸೆಲೂನಿನ ಬಾಗಿಲಿಗೆ ನೇತುಬಿದ್ದಿದ್ದ ಬೋರ್ಡಿಗೆ ಹಣೆ ಜಜ್ಜಿಕೊಂಡಳು. ಒಳಗಿದ್ದ ಗಿರಾಕಿಯೊಬ್ಬ, "ಬಗ್ಗಿ ಬರಬಾರದೇನಮ್ಮಾ?" ಅಂದ. ಸೆಲೂನಿನವನು ಕತ್ತರಿ ಕೆಳಗಿಟ್ಟು ಓಡಿ ಬಂದ. ಅವನ ತಲೆ ಅವಳ ಭುಜಕ್ಕಿಂತ ಒಂದಿಷ್ಟು ಮೇಲೆ ಬರುತ್ತಿತ್ತು, ಅಷ್ಟೇ. ಒದ್ದೆ ಟವೆಲ್ಲನ್ನು ಅವಳ ಹಣೆಗೆ ಒತ್ತಿ, "ತಪ್ಪು ನಂದು. ಬೋರ್ಡನ್ನ ನನ್ನ ಅಳತೆಗೆ ಹಾಕಿಸ್ಬಿಟ್ಟೆ" ಅಂದ. ಮರುದಿನ ಹೋಗಿ ನೋಡಿದರೆ ಬೋರ್ಡು ಒಂದು ಮೊಳ ಮೇಲೇರಿತ್ತು.

"ಹುಟ್ಟಿದಾಗಿಂದ ಎಲ್ರೂ ನಂಗೆ ಬಗ್ಗು ಅಂದೋರೇ ಅಕ್ಕಾ. ಬೋರ್ಡು ಎತ್ತಿಸಿದೋರು ಇವರೊಬ್ರೇ," ಅಂತ ಅವತ್ತು ಅವಳು ನನಗೆ ಹೇಳಿದಳು. ಮುಖವೆಲ್ಲ ಕೆಂಪಾಗಿತ್ತು. ಇಸ್ತ್ರಿಯ ಕಾವಿನಿಂದಲ್ಲ ಅಂತ ನನಗೆ ಗೊತ್ತಾಯಿತು.

ಆರು ತಿಂಗಳಲ್ಲಿ ಮದುವೆಯಾದರು. ಅವಳ ತಾಯಿ, "ಏಣಿ ಪಕ್ಕ ಸ್ಟೂಲು ಇಟ್ಟ ಹಾಗಿದೆ ಜೋಡಿ" ಅಂತ ಮೂಗು ಮುರಿದರು. ಅವನು ಅತ್ತೆಯ ಮಾತಿಗೆ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಕ್ಕ. ಅದು ಅವನ ಅಭ್ಯಾಸ. ಗಿರಾಕಿಗಳು, "ಹೆಂಡ್ತಿಗೆ ಮುತ್ತು ಕೊಡೋವಾಗ ಈ ಕುರ್ಚೀನ ಪಂಪು ಮಾಡ್ಕೋತೀಯೇನಯ್ಯಾ?" ಅಂತ ಕೇಳಿದರೂ ಹಾಗೇ ನಗುತ್ತಿದ್ದ. ಅವಳಿಗೂ ಅದರ ಬಗ್ಗೆ ಚಿಂತೆ ಇರಲಿಲ್ಲ. "ಮಲಗಿದ ಮೇಲೆ ಎಲ್ರೂ ಒಂದೇ ಎತ್ತರ ಬಿಡಕ್ಕಾ," ಅಂತ ನನ್ನ ಹತ್ತಿರ ಗುಟ್ಟಾಗಿ ನಗುತ್ತಿದ್ದಳು.

ಆದರೂ ಒಂದೊಂದೇ ಬದಲಾಯಿತು. ಅವಳ ಚಪ್ಪಲಿಯ ಹಿಮ್ಮಡಿ ಕಾಗದದಷ್ಟು ತೆಳ್ಳಗಾಯಿತು. ಇಬ್ಬರೂ ಹೊರಟರೆ ಅವನು ಫುಟ್‌ಪಾತಿನ ಮೇಲೆ, ಅವಳು ಕೆಳಗೆ ರಸ್ತೆಯ ಅಂಚಿನಲ್ಲಿ. ನಿಂತು ಮಾತಾಡುವಾಗ ಒಂದು ಮಂಡಿ ಮಡಿಸಿ, ಬೆನ್ನು ಬಾಗಿಸಿ ಕುಗ್ಗುತ್ತಿದ್ದಳು. ಬೆನ್ನುನೋವು ಶುರುವಾಯಿತು. ನಾನು ಮೇಜು ತಗ್ಗಾಯಿತು ಅಂದುಕೊಂಡು ಅದರ ಕಾಲುಗಳಿಗೆ ಇಟ್ಟಿಗೆ ಕೊಡಿಸಿದೆ.

ಮದುವೆಯಾದ ಹನ್ನೊಂದನೆಯ ವರ್ಷ ಇಬ್ಬರೂ ಅವಳ ತಂಗಿಯ ಊರಿಗೆ ಹೊರಟಿದ್ದರು. ಬಸ್ಸಿನ ಟಿಕೆಟ್ ಕೌಂಟರ್ ಎತ್ತರ. ಕಿಂಡಿಯ ಆಚೆ ಕೂತವನಿಗೆ ಅವಳ ಮುಖವೂ ಅವನ ನೆತ್ತಿಯೂ ಮಾತ್ರ ಕಂಡಿರಬೇಕು. "ಒಂದು ಫುಲ್ಲು, ಒಂದು ಹಾಫಾ ಮೇಡಂ?" ಅಂದ. ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದರು. ಅವಳ ಗಂಡನೂ ನಕ್ಕ.

"ನಾನೂ ನಕ್ಕುಬಿಟ್ಟೆ ಅಕ್ಕಾ," ಅಂದಳು ನನ್ನ ಹತ್ತಿರ. "ಅಷ್ಟು ವರ್ಷದಲ್ಲಿ ಇಂಥ ಮಾತಿಗೆ ಅವರೆದುರು ಒಂದ್ಸಲನೂ ನಕ್ಕಿರ್ಲಿಲ್ಲ. ಅವತ್ತು ಹೇಗೋ ಬಂದ್ಬಿಡ್ತು."

ಅವನ ನಗು ಅಲ್ಲಿಗೇ ನಿಂತಿತು. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಕೂತ.

ಆಮೇಲೆ ಅವನು ಸೆಲೂನಿನ ಹೊಸ್ತಿಲ ಮೇಲೆ ನಿಂತು ಹೋಗುವ ಬರುವವರ ಮುಖ ನೋಡುವುದು ಬಿಟ್ಟು ಕಾಲು ನೋಡುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಮನೆಯ ಬಾಗಿಲ ಚೌಕಟ್ಟಿಗೆ ಒಂದು ಸರಳು ಬಿಗಿದು ಬೆಳಿಗ್ಗೆ ಎದ್ದು ಜೋತುಬೀಳುತ್ತಿದ್ದ. ಒಂದು ದಿನ ಅವಳು ಟವೆಲ್ ಕೊಡಲು ಹೋದಾಗ ಸೆಲೂನಿನ ಎರಡು ಕುರ್ಚಿಗಳಲ್ಲಿ ಒಂದು ಇರಲಿಲ್ಲ. ನೆಲದಲ್ಲಿ ನಾಲ್ಕು ಬೋಲ್ಟಿನ ತೂತು ಮಾತ್ರ ಉಳಿದಿದ್ದವು.

"ಕುರ್ಚಿ ಏನಾಯ್ತು ರೀ?"

"ಮಾರಿದೆ. ಸಾಲ ತೆಗೆದ್ರೂ ದುಡ್ಡು ಸಾಲಲಿಲ್ಲ. ಬರೋ ಸೋಮವಾರ ಆಸ್ಪತ್ರೆಗೆ ಸೇರ್ತಿದ್ದೀನಿ."

"ಯಾಕೆ? ಏನಾಗಿದೆ ನಿಮಗೆ?"

"ಏನೂ ಆಗಿಲ್ಲ. ಕಾಲು ಉದ್ದ ಮಾಡಿಸ್ಕೋತೀನಿ."

ಅವಳು ಅತ್ತಳು, ಜಗಳ ಮಾಡಿದಳು, ಎರಡು ದಿನ ಮಾತು ಬಿಟ್ಟಳು. ನಾನೂ ಹೋಗಿ, "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಪ್ಪ, ನೀನು ಕಾಲನ್ನೇ ಕತ್ತರಿಸಿ ಚಾಚ್ತೀಯಲ್ಲ" ಅಂದೆ. ಅವನು ಬ್ಲೇಡು ಬದಲಾಯಿಸುತ್ತ, "ಅಕ್ಕಾ, ನಿಮ್ಮನ್ನ ಯಾರಾದ್ರೂ ಅರ್ಧ ಟಿಕೆಟ್ ಅಂದಿದಾರಾ?" ಅಂದ.

ಮಂಡಿಯ ಕೆಳಗೆ ಎರಡೂ ಕಾಲಿನ ಮೂಳೆಯನ್ನು ಕತ್ತರಿಸಿದರು. ಕಾಲಿನ ಸುತ್ತ ಉಕ್ಕಿನ ದೊಡ್ಡ ಬಳೆಗಳು, ಬಳೆಯಿಂದ ಬಳೆಗೆ ಸರಳುಗಳು, ಚರ್ಮವನ್ನು ತೂರಿ ಒಳಗೆ ಹೋದ ತಂತಿಗಳು. ಸರಳಿನ ನಟ್ಟನ್ನು ತಿರುಗಿಸಿದಷ್ಟೂ ಕತ್ತರಿಸಿದ ಮೂಳೆ ದೂರ ಸರಿಯುತ್ತದೆ, ಆ ಸಂದಿನಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಡಾಕ್ಟರು ಚಿಕ್ಕ ಸ್ಪಾನರನ್ನು ಅವಳ ಕೈಗೆ ಕೊಟ್ಟು, "ದಿನಕ್ಕೆ ನಾಲ್ಕು ಸಲ, ಕಾಲು ಸುತ್ತು" ಅಂದರು.

ಅವಳು ಗಾಬರಿಯಾಗಿ, "ಕಾಲನ್ನ ಸುತ್ತಬೇಕಾ?" ಅಂದಳು.

"ಕಾಲನ್ನಲ್ಲಮ್ಮಾ, ನಟ್ಟನ್ನ. ಒಂದು ಸುತ್ತಿನಲ್ಲಿ ಕಾಲು ಭಾಗ." ಡಾಕ್ಟರೂ ನಕ್ಕರು, ನರ್ಸೂ ನಕ್ಕಳು. ಡಾಕ್ಟರು ಮುಂದುವರಿಸಿದರು: "ದಿನಕ್ಕೆ ಒಂದು ಮಿಲಿಮೀಟರ್. ಐದು ಸೆಂಟಿಮೀಟರ್ ಆದ ಮೇಲೆ ನಿಲ್ಲಿಸೋದು. ಅದಕ್ಕಿಂತ ಎಳೆದರೆ ನರ ತಡೆಯಲ್ಲ."

ಮನೆಯಲ್ಲಿ ಅವನ ಮಂಚ ಕಿಟಕಿಯ ಪಕ್ಕಕ್ಕೆ ಬಂತು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಒಂದು ಸಲ, ಮಧ್ಯಾಹ್ನ ಊಟದ ಬಿಡುವಿನಲ್ಲಿ ಓಡಿಹೋಗಿ ಒಂದು ಸಲ, ಸಂಜೆ ಒಂದು, ಮಲಗುವ ಮುಂಚೆ ಒಂದು. ಒಂದೊಂದು ಕಾಲಿಗೆ ನಾಲ್ಕು ನಟ್ಟು. ಯಾವುದು ತಿರುಗಿಸಿಯಾಯಿತು, ಯಾವುದು ಬಾಕಿ ಅನ್ನುವುದು ಗೊಂದಲವಾಗುತ್ತಿತ್ತು. ನಾವು ಬಟ್ಟೆಗೆ ಗುರುತು ಹಾಕುವ, ಎಷ್ಟು ಒಗೆದರೂ ಹೋಗದ ಶಾಯಿಯನ್ನು ತೆಗೆದುಕೊಂಡು ಹೋಗಿ ಪ್ರತಿ ನಟ್ಟಿನ ಒಂದು ಮುಖಕ್ಕೆ ಚುಕ್ಕೆ ಇಟ್ಟಳು.

"ನಟ್ಟು ಸದ್ದೇ ಮಾಡಲ್ಲ ಅಕ್ಕಾ. ಇವರ ಹಲ್ಲು ಸದ್ದು ಮಾಡುತ್ತೆ," ಅನ್ನುತ್ತಿದ್ದಳು. ಇಸ್ತ್ರಿ ಹಿಡಿದ ಅವಳ ಬಲಗೈ ಆಗಾಗ ತನ್ನಷ್ಟಕ್ಕೆ ಕಾಲು ಭಾಗ ತಿರುಗಿ ನಿಲ್ಲುತ್ತಿತ್ತು. ಅವಳಿಗೆ ಅದು ಗೊತ್ತಾಗುತ್ತಿರಲಿಲ್ಲ.

ಮೂರನೇ ವಾರ ನಾನು ನೋಡಲು ಹೋದೆ. ಅವನು ಇಳಿದುಹೋಗಿದ್ದ, ಕಣ್ಣು ಮಾತ್ರ ಹೊಳೆಯುತ್ತಿದ್ದವು. ಪಕ್ಕದಲ್ಲಿ ಅಳತೆಯ ಟೇಪು. ಪಾದದ ಮೇಲೆ ಬೇಸಗೆಯಲ್ಲೂ ದಪ್ಪ ಹೊದಿಕೆ. "ಜುಮ್ಮನ್ನುತ್ತೆ, ಅಷ್ಟೇ" ಅಂದ. ನಾನು ಹೊದಿಕೆ ಸರಿಮಾಡಲು ಕೈ ಹಾಕಿದೆ. "ಮುಟ್ಟಬೇಡಿ!" ಅಂತ ಕಿರುಚಿದ. ಕೋಣೆಯಲ್ಲಿ ಔಷಧದ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಹಳೆಯ ನೀರು ನಿಂತ ಬಕೆಟ್ಟಿನ ಹಾಗೆ.

ನಾಲ್ಕನೇ ವಾರ ಅವಳಿಗೆ ಗೊತ್ತಾಯಿತು. ಅದುವರೆಗೆ ಚುಕ್ಕೆಗಳೆಲ್ಲ ಒಂದೇ ಕಡೆ ಇವೆಯಾ ಅಂತಷ್ಟೇ ನೋಡುತ್ತಿದ್ದಳು, ಯಾವ ಕಡೆ ಅಂತ ನೆನಪಿಡುತ್ತಿರಲಿಲ್ಲ. ಮಧ್ಯಾಹ್ನ ತಿರುಗಿಸಿ ಹೋದಾಗ ಚುಕ್ಕೆಗಳೆಲ್ಲ ಚಾವಣಿಯ ಕಡೆ ಇದ್ದವು. ಸಂಜೆ ಬಂದಾಗ ಗೋಡೆಯ ಕಡೆ. ಎಂದಿನಂತೆ ತನ್ನ ಸರದಿ ಮುಗಿಸಿದಳು. ಮರುದಿನವೂ ಅದೇ. ಮೂರನೇ ದಿನ ಅವನು ಶೌಚಕ್ಕೆ ಊರುಗೋಲು ಹಿಡಿದು ಹೋದಾಗ ದಿಂಬಿನ ಚೀಲದೊಳಗೆ ಕೈ ಹಾಕಿದಳು. ಇನ್ನೊಂದು ಸ್ಪಾನರ್ ಸಿಕ್ಕಿತು.

ಅವನು ಬಾಗಿಲಲ್ಲಿ ನಿಂತಿದ್ದ. ಅವಳು ಸ್ಪಾನರನ್ನು ಎತ್ತಿ ಹಿಡಿದಳು.

"ಎಷ್ಟು ದಿನದಿಂದ?"

"ಮೊದಲನೇ ವಾರದಿಂದ."

"ಡಾಕ್ಟರು ಐದು ಅಂದಿದ್ರು."

"ಐದಕ್ಕೆ ನಾನು ನಿನ್ನ ಕಿವಿಗೂ ಬರಲ್ಲ. ಒಂಬತ್ತಾದ್ರೂ ಬೇಕು."

"ಯಾರು ಕೇಳಿದ್ರು ರೀ ನಿಮ್ಮನ್ನ? ನಾನು ಕೇಳಿದ್ನಾ? ಒಂದ್ಸಲ ನಕ್ಕಿದ್ದಕ್ಕೆ ಇಷ್ಟಾ?"

ಅವನು ಊರುಗೋಲಿನ ಮೇಲೆ ತೂಗುತ್ತ ಬಹಳ ಮೆಲ್ಲಗೆ ಹೇಳಿದ: "ನಕ್ಕಿದ್ದಕ್ಕಲ್ಲ. ಹನ್ನೊಂದು ವರ್ಷದಿಂದ ನೀನು ಬಗ್ಗಿ ನಡೀತಿದೀಯ. ರಸ್ತೇಲಿ, ಮನೇಲಿ, ಕನ್ನಡಿ ಮುಂದೆ. ನಾನು ನೋಡಿಲ್ಲ ಅಂದ್ಕೊಂಡ್ಯಾ? ನಂಗೆ ಬೇಜಾರಾಗುತ್ತೆ ಅಂತ ತಾನೇ ಬಗ್ಗಿದ್ದು? ಅಂದ್ರೆ ಬೇಜಾರಾಗೋ ವಿಷಯ ಅಂತ ನಿಂಗೂ ಅನ್ನಿಸಿತ್ತು."

ಅವನು ಅವಳ ಕೈಯ ಸ್ಪಾನರಿಗಾಗಿ ಒಂದು ಹೆಜ್ಜೆ ಮುಂದಿಟ್ಟ. ಬಲಗಾಲಿನ ಪಾದ ಮೇಲೇಳಲಿಲ್ಲ, ಬೆರಳುಗಳು ನೆಲವನ್ನು ಕೆರೆದವು. ಬಿದ್ದೇಬಿಡುತ್ತಿದ್ದ. ಅವಳು ಹಿಡಿದುಕೊಂಡಳು. ಆಗ ಹೊದಿಕೆ ಇಲ್ಲದ ಆ ಪಾದವನ್ನು ಸರಿಯಾಗಿ ನೋಡಿದಳು. ನೇತುಹಾಕಿದ ಒದ್ದೆ ಕಾಲುಚೀಲದ ಹಾಗೆ ಜೋತುಬಿದ್ದಿತ್ತು. ತಂತಿಯೊಂದು ಒಳಹೊಕ್ಕ ಕಡೆ ಹಳದಿ ಕೀವು.

ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗಲೂ, "ಹೇಳಬೇಡ, ನಾನೇ ತಿರುಗಿಸಿದ್ದು ಅಂತ ಹೇಳಬೇಡ" ಅಂತ ಗೋಗರೆಯುತ್ತಿದ್ದನಂತೆ. ಅವಳು ಹೇಳಿದಳು. ಎರಡೂ ಸ್ಪಾನರನ್ನು ಡಾಕ್ಟರ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದಳು. ಡಾಕ್ಟರು ನಗಲಿಲ್ಲ. ನಟ್ಟುಗಳನ್ನು ಹಿಂದಕ್ಕೆ ತಿರುಗಿಸಿದರು, ಒಂದು ತಂತಿ ತೆಗೆದರು, ಕೀವಿಗೆ ಔಷಧಿ ಹಾಕಿದರು. ನರ ಮತ್ತೆ ಚೇತರಿಸಿಕೊಳ್ಳುತ್ತದೆಯೋ ಇಲ್ಲವೋ ಕಾದು ನೋಡಬೇಕು ಅಂದರು.

ಎಡಗಾಲು ಚೇತರಿಸಿಕೊಂಡಿತು, ಬಲಗಾಲು ಇಲ್ಲ. ಬಳೆಗಳನ್ನು ಬಿಚ್ಚಲು ಹತ್ತು ತಿಂಗಳಾಯಿತು. ಈಗ ಅವನು ಮೊದಲಿಗಿಂತ ನಾಲ್ಕು ಸೆಂಟಿಮೀಟರ್ ಎತ್ತರ. ಬಲಪಾದಕ್ಕೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿ ನಡೆಯುತ್ತಾನೆ. ದಿನವಿಡೀ ನಿಂತು ಮಾಡುವ ಕೆಲಸವನ್ನು ಚಕ್ರದ ಸ್ಟೂಲಿನ ಮೇಲೆ ಕೂತು ಮಾಡುತ್ತಾನೆ. ಗಿರಾಕಿಗಳು ಈಗ ತಮಾಷೆ ಮಾಡುವುದಿಲ್ಲ. ಅರ್ಧಕ್ಕರ್ಧ ಜನ ಬೇರೆ ಸೆಲೂನಿಗೆ ಹೋಗುತ್ತಾರೆ.

ಅವಳು ಬಗ್ಗುವುದನ್ನು ಬಿಟ್ಟಳು. ಇದನ್ನು ಮಾತ್ರ ನಾನು ಖಂಡಿತ ಹೇಳಬಲ್ಲೆ. ಅವನ ತೋಳು ಹಿಡಿದು ನಡೆಸುವಾಗಲೂ ಬೆನ್ನು ನೆಟ್ಟಗೆ, ತಲೆ ಎತ್ತಿ. ಇಬ್ಬರೂ ಫುಟ್‌ಪಾತಿನ ಮೇಲೆಯೇ ನಡೆಯುತ್ತಾರೆ.

ಹೋದ ವಾರ ಊಟದ ಬಿಡುವಿನಲ್ಲಿ ಅವಳು ಅನ್ನ ಮುಟ್ಟದೆ ಕೂತಿದ್ದಳು. ಏನೇ ಅಂದೆ.

"ನಿನ್ನೆ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ ಕೂತಿದ್ರು ಅಕ್ಕಾ. ಎಷ್ಟು ದಿನ ಆಗಿತ್ತು ಗೊತ್ತಾ ಹಾಗೆ ಹಚ್ಚಿ? ಹಳೇ ಕಾಲದ ಹಾಗೇ ಇತ್ತು. ಹಚ್ಚುತ್ತಾ ಹಚ್ಚುತ್ತಾ, ತೊಡೆ ಮೂಳೆಗೆ ಮಾಡಿದ್ರೆ ಪಾದದ ನರಕ್ಕೆ ಅಷ್ಟು ತೊಂದ್ರೆ ಇಲ್ವಂತೆ ಅಂದ್ರು."

"ನೀನೇನಂದೆ?"

"ಏನೂ ಅನ್ನಲಿಲ್ಲ. ಇನ್ನು ಮೇಲೆ ಆಸ್ಪತ್ರೆಗೆ ಅವರೊಬ್ರನ್ನೇ ಕಳಿಸಲ್ಲ, ಅಷ್ಟೇ." ಡಬ್ಬಿ ಮುಚ್ಚಿ ಎದ್ದಳು. "ಅಕ್ಕಾ, ಸೆಲೂನಿನ ಕಡೆ ಹೋದ್ರೆ ಒಂದು ನೋಡ್ಕೊಂಡು ಬನ್ನಿ. ಉಳಿದ ಆ ಒಂದು ಕುರ್ಚಿ ಬೆಳಿಗ್ಗೆ ನಾನು ಟವೆಲ್ ಕೊಟ್ಟಾಗ ಇತ್ತು, ಈಗಲೂ ಅಲ್ಲೇ ಇದೆಯಾ ಅಂತ."