ಮೈದಾನಕ್ಕೆ ಬೆನ್ನು ಮಾಡಿ ನಿಂತ ಹಳದಿ ಅಕ್ಕ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕ್ರೀಡಾಂಗಣದ ದೊಡ್ಡ ದೀಪಗಳು ಆರಿವೆ, ಸುತ್ತಲೂ ಸಾವಿರಾರು ಖಾಲಿ ಕುರ್ಚಿಗಳು. ಅವುಗಳ ಒಂದು ಮೂಲೆಯಲ್ಲಿ ಹಳದಿ ಕೋಟು ತೊಟ್ಟ ಹೆಂಗಸೊಬ್ಬರು ಒಂದೊಂದೇ ಕುರ್ಚಿಯನ್ನು ಮಡಚಿ, ಬಿಡಿಸಿ, ಅಂಗೈಯಿಂದ ಒತ್ತಿ ನೋಡುತ್ತಾರೆ. ಹೆಗಲ ಮೇಲಿನ ಬಟ್ಟೆಯಿಂದ ಇಬ್ಬನಿ ಒರೆಸುತ್ತಾರೆ. ಸಡಿಲವಾದದ್ದು ಸಿಕ್ಕರೆ ಅದಕ್ಕೊಂದು ಕೆಂಪು ಪಟ್ಟಿ ಕಟ್ಟಿ ಮುಂದೆ ಹೋಗುತ್ತಾರೆ. "ಇದರ ಮೇಲೆ ಯಾರಾದ್ರೂ ದಪ್ಪಗಿರೋರು ಕೂತು, ಗೆದ್ದ ಖುಷಿಗೆ ಒಂದು ಸಲ ಕುಪ್ಪಳಿಸಿದ್ರೆ ಮುಗೀತು," ಎಂದು, ಅವರ ಬಗ್ಗೆ ಬರೆಯಲು ಬಂದಿರುವ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡುತ್ತಾರೆ. ನಾನು ಬೇರೆ ಕುರ್ಚಿ ಹುಡುಕಿಕೊಳ್ಳುತ್ತೇನೆ.

ಕುರ್ಚಿಗಳೆಲ್ಲ ಮುಗಿದ ಮೇಲೆ ಅವರು ಕೆಳಗಿನ ಸಾಲಿನ ಕಂಬಿಗೆ ಒರಗಿ ಮೈದಾನದ ಕಡೆ ನೋಡುತ್ತಾ ನಿಲ್ಲುತ್ತಾರೆ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಎತ್ತರ ಜಿಗಿತದ ಜಾಗ. ಜಿಗಿದವರು ಬೀಳುವ ದಪ್ಪ ಹಾಸಿಗೆಗೆ ಟಾರ್ಪಾಲು ಹೊದಿಸಿದ್ದಾರೆ. ಎರಡು ಕಂಬಗಳಿವೆ, ನಡುವಿನ ಅಡ್ಡಕೋಲು ಇಲ್ಲ. "ನೋಡೋಕೆ ಏನೂ ಇಲ್ಲದಾಗ ಎಷ್ಟು ಬೇಕಾದ್ರೂ ನೋಡಬಹುದು ನೋಡಿ," ಎಂದು ನಗುತ್ತಾರೆ. ಬಾಗಿಲು ತೆರೆದು ಮೊದಲ ಪ್ರೇಕ್ಷಕ ಒಳಗೆ ಬಂದನೆಂದರೆ ಅವರು ತಿರುಗಿ ನಿಲ್ಲಬೇಕು. ಮುಖ ಜನರ ಕಡೆಗೆ, ಬೆನ್ನು ಆಟದ ಕಡೆಗೆ. ಕೊನೆಯವನು ಎದ್ದು ಹೋಗುವವರೆಗೂ ಹಾಗೆಯೇ.

ಇಲ್ಲಿ ಈಗ ಹಲವು ದೇಶಗಳ ಕ್ರೀಡಾಕೂಟ ನಡೆಯುತ್ತಿದೆ. ಊರಿಗೆ ಊರೇ ಟಿಕೆಟ್ಟಿಗಾಗಿ ಮುಗಿಬಿದ್ದಿದೆ. ಇಂಥ ಕೂಟ ಈ ಊರಿಗೆ ಹಿಂದೆ ಬಂದಿಲ್ಲ, ನಮ್ಮ ಕಾಲದಲ್ಲಿ ಮತ್ತೆ ಬರುವುದೂ ಅನುಮಾನ. ಅಷ್ಟೂ ದಿನ ಕ್ರೀಡಾಂಗಣದ ಒಳಗೇ ಇರುವ ಭಾಗ್ಯ ಈ ಅಕ್ಕನದು. ಆಟ ನೋಡಲು ಬರುವ ಮಕ್ಕಳು ಅವರನ್ನು 'ಹಳದಿ ಅಕ್ಕ' ಎಂದೇ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಅವರ ಪಾಲಿಗೆ ಬಂದಿರುವುದು ನಾನೂರು ಚಿಲ್ಲರೆ ಕುರ್ಚಿ ಮತ್ತು ಅವುಗಳಲ್ಲಿ ಕೂರುವ ಜನ. "ನಮ್ಮ ಬೀದಿಯವರು ಹೊಟ್ಟೆ ಉರ್ಕೋತಾರೆ, ದಿನಾ ಪುಕ್ಕಟೆ ನೋಡ್ತೀಯಲ್ಲಾ ಅಂತ. ನಾನು ನೋಡೋದು ಅವರಂಥೋರ ಮೂಗು. ಒಂದೊಂದು ಸಲ ಮೂಗಿನೊಳಗೆ ಬೆರಳು."

ಹೈಜಂಪ್ ಎಂದರೆ ಅವರಿಗೆ ಮೊದಲಿಂದಲೂ ಜೀವ. ಶಾಲೆಯ ಹಿಂದೆ ಮರಳಿನ ಗುಂಡಿಯೊಂದಿತ್ತಂತೆ. ಇಬ್ಬರು ಗೆಳತಿಯರು ಹಗ್ಗ ಹಿಡಿದು ನಿಲ್ಲುತ್ತಿದ್ದರು, ಇವರು ಹಾರುತ್ತಿದ್ದರು. "ಹಗ್ಗ ಅವರ ಭುಜದ ತನಕ ಬಂದ್ರೂ ನಾನು ಹಾರ್ತಿದ್ದೆ. ಆಮೇಲೆ ಅಮ್ಮ ಹಾಸಿಗೆ ಹಿಡಿದ್ಲು. ಮನೇಲಿ ನಾನೇ ದೊಡ್ಡೋಳು, ಶಾಲೆ ಬಿಟ್ಟೆ. ಹಗ್ಗ ಹಿಡಿದೋರು ಎಲ್ಲಿದಾರೋ ಏನೋ."

ತಮ್ಮ ತಂಗಿಯರು ಒಂದು ದಡ ಸೇರುವ ಹೊತ್ತಿಗೆ ಇವರ ವಯಸ್ಸು ಕಳೆದಿತ್ತು. ಆಸ್ಪತ್ರೆಯ ಬಟ್ಟೆ ಒಗೆದರು, ಹೊಲಿಗೆ ಕಾರ್ಖಾನೆಯಲ್ಲಿ ಗುಂಡಿ ಹಚ್ಚಿದರು. ಕ್ರೀಡಾಂಗಣದಲ್ಲಿ ಕೆಲಸವಿದೆ ಎಂದು ಗಂಡ ಸುದ್ದಿ ತಂದಾಗ ಹಿಂದುಮುಂದು ನೋಡದೆ ಹೂಂ ಎಂದರು. "ನಾನೇನೋ ಆಟ ನೋಡೋ ಕೆಲಸ ಅಂದ್ಕೊಂಡಿದ್ದೆ. ಮೊದಲನೇ ದಿನ ಕಂಬಿ ಹಿಡ್ಕೊಂಡು ಮೈದಾನ ನೋಡ್ತಾ ನಿಂತಿದ್ದೆ. ಸೂಪರ್‌ವೈಸರ್ ಬಂದು ಎರಡೂ ಭುಜ ಹಿಡಿದು ಮೆಲ್ಲಗೆ ಈ ಕಡೆ ತಿರುಗಿಸಿ ನಿಲ್ಲಿಸಿದ್ರು. 'ಅಮ್ಮಾ, ಹಿಂದೆ ಏನೇ ಆದ್ರೂ ಅದು ನಿಮಗಲ್ಲ' ಅಂದ್ರು. ಒಳ್ಳೇ ಮನುಷ್ಯ, ಬೈಲಿಲ್ಲ. ನನಗೆ ಮಾತ್ರ ಅಳು ಬಂತು."

ಹಾಗೆ ನಿಲ್ಲುವುದು ಯಾಕೆಂದು ಅವರಿಗೆ ಈಗ ಯಾರೂ ಹೇಳಿಕೊಡಬೇಕಿಲ್ಲ. ಒಮ್ಮೆ ಓಟದ ಪಂದ್ಯವೊಂದು ಮುಗಿಯುವ ಹೊತ್ತಿಗೆ ಇಡೀ ಸಾಲು ಎದ್ದು ನಿಂತು ಕಿರುಚುತ್ತಿತ್ತು. ಒಬ್ಬ ಅಜ್ಜ ಮಾತ್ರ ಎದ್ದಿರಲಿಲ್ಲ. ಅವರ ಕೈ ಕುರ್ಚಿಯಿಂದ ಜಾರಿದ್ದು ಪಕ್ಕದಲ್ಲಿದ್ದ ಮಗನಿಗೂ ಕಾಣಲಿಲ್ಲ, ಅಕ್ಕನಿಗೆ ಕಂಡಿತು. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಕ್ಕಿ ಅಜ್ಜ ಬದುಕಿಕೊಂಡರು. "ಜನ ಮೈಮರೆಯೋದು ಎದುರಿಗೆ ಏನೋ ದೊಡ್ಡದು ನಡೀವಾಗ. ಅದೇ ಹೊತ್ತಿಗೆ ನಾನು ಮೈಯೆಲ್ಲ ಕಣ್ಣಾಗಿರಬೇಕು. ಅಂದ್ಮೇಲೆ ದೊಡ್ಡದು ನನಗೆ ಸಿಗೋದಾದ್ರೂ ಹೇಗೆ?"

ಸಿಗುವುದು ಸದ್ದು. ಜಿಗಿಯುವವಳು ಓಡಲು ಸಜ್ಜಾದಾಗ ಜನ ತಾಳಕ್ಕೆ ತಕ್ಕ ಹಾಗೆ ಚಪ್ಪಾಳೆ ತಟ್ಟುತ್ತಾರೆ. ಅವಳು ಓಡಿದಂತೆ ಚಪ್ಪಾಳೆಯೂ ಓಡುತ್ತದೆ. ಥಟ್ಟನೆ ನಿಂತಿತೆಂದರೆ ಅವಳು ನೆಲ ಬಿಟ್ಟಳೆಂದು ಅರ್ಥ. ಆಮೇಲೆ ಹಾಸಿಗೆಯ ಮೇಲೆ ಧೊಪ್ಪೆಂಬ ಸದ್ದು. ಕೋಲು ಬಿದ್ದರೆ ಜನರ ಬಾಯಿಂದ 'ಅಯ್ಯೋ', ಬೀಳದಿದ್ದರೆ ಕಿವಿ ಗಡಚಿಕ್ಕುವ ಕೂಗು. "ಓಡೋದು ಕೇಳುತ್ತೆ, ಬೀಳೋದೂ ಕೇಳುತ್ತೆ. ಮಧ್ಯದ್ದು ಇದೆಯಲ್ಲ, ಅದು ಸದ್ದೇ ಮಾಡಲ್ಲ," ಎನ್ನುತ್ತಾರೆ ಅಕ್ಕ. ಈಗಿನವರು ಕೋಲಿಗೆ ಬೆನ್ನು ಮಾಡಿಕೊಂಡು ಹಾರುತ್ತಾರೆ ಎನ್ನುವುದು ಅವರಿಗೆ ಸೋಜಿಗ. "ಕಾಣದ್ದನ್ನ ದಾಟೋದು ಅಂದ್ರೆ ಸುಮ್ನೇನಾ? ಮಗ ಫೋನಲ್ಲಿ ತೋರಿಸ್ದ. ಹೆಬ್ಬೆರಳಷ್ಟು ಹುಡುಗಿ, ಹುಲ್ಲುಕಡ್ಡಿಯಷ್ಟು ಕೋಲು. ನೋಡಿದ ಹಾಗೂ ಆಯ್ತು, ನೋಡದ ಹಾಗೂ ಆಯ್ತು."

ಈ ಕೂಟದಲ್ಲಿ ಕೆಲಸಗಾರರ ಹೆಸರುಗಳ ಚೀಟಿ ಎತ್ತಿ ಕೆಲವರಿಗೆ ಒಂದೊಂದು ಟಿಕೆಟ್ ಕೊಟ್ಟರು. ಅಕ್ಕನ ಹೆಸರು ಬಂತು. ಹೆಂಗಸರ ಹೈಜಂಪ್ ಫೈನಲ್ ಇದ್ದ ಸಂಜೆ, ತಾವು ಕೆಲಸ ಮಾಡುವ ವಿಭಾಗದ ಪಕ್ಕದಲ್ಲೇ ಜಾಗ. ಆ ವಾರವೆಲ್ಲ ಅವರ ಕಾಲು ನೆಲದ ಮೇಲಿರಲಿಲ್ಲ ಎನ್ನುತ್ತಾರೆ ಶಾಲೆಯ ವ್ಯಾನು ಓಡಿಸುವ ಗಂಡ. "ಮದುವೆ ಮನೆಗೆ ಹೊರಟೋಳ ಹಾಗೆ ಹೊರಟ್ಲು. ನಾನು ಹೇಳ್ದೆ, ಮಾರಾಯ್ತಿ, ಅಲ್ಲಾದ್ರೂ ನೆಟ್ಟಗೆ ಕೂತ್ಕೋ ಅಂತ. ಇವಳು ಮನೇಲಿ ಟಿವಿಗೆ ಬೆನ್ನು ಮಾಡ್ಕೊಂಡು ಊಟಕ್ಕೆ ಕೂರೋಳು. ನನ್ನ ತಂಗಿ ಮಗನ ಮದುವೆ ಫೋಟೋ ನೋಡಿ ಬೇಕಾದ್ರೆ. ಎಲ್ಲರೂ ಗಂಡು ಹೆಣ್ಣನ್ನ ನೋಡ್ತಿದಾರೆ, ಇವಳೊಬ್ಬಳು ಬಂದ ಜನರನ್ನ ನೋಡ್ತಿದಾಳೆ."

ಗಂಡನ ಮಾತು ಹುಸಿಯಾಗಲಿಲ್ಲ. ಮೊದಲಿಗೆ, ಮೈಮೇಲೆ ಹಳದಿ ಕೋಟು ಇಲ್ಲದಿದ್ದರೂ ಯಾರೋ ಬಂದು ಶೌಚಾಲಯ ಎಲ್ಲಿ ಎಂದು ಕೇಳಿದರು. ಇವರು ಎದ್ದು ಹೋಗಿ ತೋರಿಸಿ ಬಂದರು. ಆಮೇಲೆ ಜಿಗಿತ ಶುರುವಾಯಿತು. ಚಪ್ಪಾಳೆ ಏರಿತು, ಹುಡುಗಿ ಓಡಿ ಬಂದಳು, ಚಪ್ಪಾಳೆ ನಿಂತಿತು. ನಿಂತದ್ದೇ ತಡ, ಅಕ್ಕನ ಕತ್ತು ತಾನಾಗಿಯೇ ಹಿಂದಕ್ಕೆ ತಿರುಗಿತು. ಕಂಡದ್ದು ಹಿಂದಿನ ಸಾಲುಗಳ ಬಾಯಿ ಬಿಟ್ಟ ಮುಖಗಳು. ಮತ್ತೆ ಇತ್ತ ತಿರುಗುವಷ್ಟರಲ್ಲಿ ಹುಡುಗಿ ಹಾಸಿಗೆಯ ಮೇಲಿದ್ದಳು. ಎರಡನೆಯವಳಿಗೂ ಹಾಗೇ ಆಯಿತು, ಮೂರನೆಯವಳಿಗೂ. ಆ ವಿಭಾಗದ ಕಂಬಿಯ ಬಳಿ ಕೆಲಸದಲ್ಲಿದ್ದ ಗೆಳತಿಗೆ ಇದೆಲ್ಲ ಕಾಣುತ್ತಿತ್ತು. "ಅಷ್ಟೊಂದು ಮುಖಗಳ ಮಧ್ಯೆ ಒಂದೇ ಒಂದು ತುರುಬು ಕಾಣ್ತಿತ್ತು. ತಿರುಗೇ, ತಿರುಗೇ ಅಂತ ನಾನು ಸನ್ನೆ ಮಾಡಿದ್ದೇ ಮಾಡಿದ್ದು," ಎಂದು ಆಕೆ ಈಗಲೂ ನಗುತ್ತಾರೆ. ಅಕ್ಕನಿಗೆ ಆ ಸಂಜೆ ನಗು ಬರಲಿಲ್ಲ. ಮೈ ಹೇಳಿದ ಮಾತು ಕೇಳುತ್ತಿಲ್ಲವಲ್ಲ ಎಂದು ಸಂಕಟವಾಯಿತು.

ಕೊನೆಗೆ ಉಳಿದದ್ದು ಒಬ್ಬಳೇ ಹುಡುಗಿ, ಅವಳದೊಂದೇ ಜಿಗಿತ. ಅಕ್ಕ ಎರಡೂ ಕೈಯಿಂದ ಕುರ್ಚಿಯನ್ನು ಬಿಗಿಯಾಗಿ ಹಿಡಿದು, ಕತ್ತು ಅಲ್ಲಾಡಿಸದೆ ಕೂತರು. ಚಪ್ಪಾಳೆ ಏರಿ, ನಿಂತಿತು. ಈ ಸಲ ಕತ್ತು ತಿರುಗಲಿಲ್ಲ. ಆದರೆ ಮುಂದಿನ ಸಾಲಿನಲ್ಲಿ ಒಂದು ಪುಟ್ಟ ಮಗು ಮಡಚುವ ಕುರ್ಚಿಯ ಮೇಲೆ ಎದ್ದು ನಿಂತಿತ್ತು. ಅದರ ಕಾಲು ಹಿಂದಕ್ಕೆ ಸರಿಯುವುದು ಕಂಡಿತು, ಕುರ್ಚಿ ಮಡಚಿಕೊಳ್ಳಲು ಹೊರಟಿತು. ಅಕ್ಕ ಬಾಗಿ ಮಗುವಿನ ಸೊಂಟ ಹಿಡಿದು ಎತ್ತಿ ಕೆಳಗಿಳಿಸಿದರು. ತಲೆ ಎತ್ತಿದಾಗ ಹುಡುಗಿ ಹಾಸಿಗೆಯ ಮೇಲೆ ಮುಖ ಮುಚ್ಚಿಕೊಂಡು ಮಲಗಿದ್ದಳು. ಅಡ್ಡಕೋಲು ಬಿದ್ದಿರಲಿಲ್ಲ, ಇನ್ನೂ ಅಲ್ಲಾಡುತ್ತಿತ್ತು.

"ಅದು ಅಲ್ಲಾಡೋದನ್ನ ನೋಡಿದೆ. ಅಷ್ಟು ನನಗೆ ಸಿಕ್ತು," ಎನ್ನುತ್ತಾರೆ. ಮಗುವಿನ ತಾಯಿ ಏನೆಂದಳು ಎಂದು ಕೇಳುತ್ತೇನೆ. "ಆಕೆಗೆ ಗೊತ್ತೇ ಆಗ್ಲಿಲ್ಲ. ಆಕೆ ಜಿಗಿತ ನೋಡ್ತಿದ್ಲು. ನೋಡ್ಲಿ ಬಿಡಿ, ಅದಕ್ಕೇ ತಾನೆ ಬಂದಿರೋದು." ಇಷ್ಟು ಹೇಳಿ ಅವರು ಮುಖ ಬೇರೆ ಕಡೆ ಮಾಡುತ್ತಾರೆ. ಆ ರಾತ್ರಿ ಮನೆಗೆ ಹೋಗಿ ಚೆನ್ನಾಗಿತ್ತು ಎಂದಷ್ಟೇ ಹೇಳಿ ಮಲಗಿದರಂತೆ. ನಿದ್ದೆ ಬಂದಿರಲಿಕ್ಕಿಲ್ಲ ಎಂದು ನನಗೆ ಅನ್ನಿಸುತ್ತದೆ.

ಇವತ್ತು ಕೂಟದ ಕೊನೆಯ ದಿನ, ಸಂಜೆ ಗಂಡಸರ ಹೈಜಂಪ್ ಫೈನಲ್. ನಾನು ಅಕ್ಕನ ವಿಭಾಗದ ಮೊದಲ ಸಾಲಿನಲ್ಲಿದ್ದೇನೆ. ಅವರು ಕಂಬಿಗೆ ಬೆನ್ನು ಕೊಟ್ಟು, ಕೈ ಕಟ್ಟಿಕೊಂಡು ನಮ್ಮ ಕಡೆ ಮುಖ ಮಾಡಿ ನಿಂತಿದ್ದಾರೆ. ಕೋಲು ಏರುತ್ತಾ ಹೋಗಿದೆ, ಕೊನೆಗೆ ಉದ್ದ ಕಾಲಿನ ಒಬ್ಬ ಹುಡುಗ ಉಳಿದಿದ್ದಾನೆ. ಚಪ್ಪಾಳೆ ಏರತೊಡಗುತ್ತದೆ. ನಾನು ಕಣ್ಣು ಕೀಳಲಾಗದೆ ಅಕ್ಕನ ಮುಖವನ್ನೇ ನೋಡುತ್ತಿದ್ದೇನೆ. ಅವರ ಕಣ್ಣು ಸಾಲಿನಿಂದ ಸಾಲಿಗೆ ಓಡುತ್ತಾ ಬಂದು ನನ್ನ ಮೇಲೆ ನಿಲ್ಲುತ್ತದೆ. ಹುಬ್ಬು ಗಂಟಿಕ್ಕುತ್ತದೆ.

"ನನ್ನ ಮುಖ ನೋಡೋಕೆ ಬಂದ್ರಾ? ಅಲ್ಲಿ ನೋಡಿ."

ನಾನು ಅಲ್ಲಿ ನೋಡುತ್ತೇನೆ. ಚಪ್ಪಾಳೆ ನಿಲ್ಲುತ್ತದೆ. ಆಮೇಲೆ ಇಡೀ ಕ್ರೀಡಾಂಗಣ ಎದ್ದು ಕೂಗುತ್ತದೆ, ನಾನೂ ಎದ್ದು ಕೂಗುತ್ತೇನೆ. ಅಕ್ಕ ಅಲುಗುವುದಿಲ್ಲ. ಜನರೆಲ್ಲ ಮತ್ತೆ ಕೂತದ್ದನ್ನು, ಅಜ್ಜ ಅಜ್ಜಿಯರು ನೆಟ್ಟಗಿರುವುದನ್ನು, ಮಕ್ಕಳು ಕೆಳಗಿರುವುದನ್ನು ನೋಡಿಕೊಂಡ ಮೇಲೆ ಒಂದು ಹೆಜ್ಜೆ ನನ್ನ ಕಡೆ ಬರುತ್ತಾರೆ. ಮೈದಾನಕ್ಕೆ ಬೆನ್ನು ಹಾಗೇ ಇದೆ.

"ಓಡಿದ್ದು ಕೇಳಿಸ್ತು. ಬಿದ್ದಿದ್ದೂ ಕೇಳಿಸ್ತು," ಎನ್ನುತ್ತಾರೆ. "ಮಧ್ಯದ್ದು ಹೇಳಿ. ನಿಧಾನಕ್ಕೆ ಹೇಳಿ."