ಕುಡಿದು ತೋರಿಸಿದ ನೀರು

ಮೊದಲ ಏಟು ಬಿದ್ದದ್ದು ಭಟ್ಕಳದಲ್ಲಿ, ಡ್ರೈವರನ ಕೆನ್ನೆಗೆ. ಹೊಡೆದವರು ಊರು ನೋಡಲು ಬಂದಿದ್ದ ಒಬ್ಬ ಪ್ರವಾಸಿ. ಹೆಂಡತಿ ಮಕ್ಕಳು ನೋಡುತ್ತಿರುವಾಗಲೇ, ಹೊಲಸು ಮೆಟ್ಟಿದ ಕಾಲಲ್ಲೇ ನಿಂತು ಹೊಡೆದರಂತೆ.

ಆ ಗಾಡಿ ಭಟ್ಕಳದ ಯಜಮಾನರೊಬ್ಬರದು. ಹಳೆಯ ಮಿನಿ ಬಸ್ಸು ಕೊಂಡು, ಸೀಟು ಕಿತ್ತು, ಒಳಗೆ ಹಾಸಿಗೆ, ಅಡುಗೆ ಕಟ್ಟೆ, ಪುಟ್ಟದೊಂದು ಕಕ್ಕಸು ಮಾಡಿಸಿ, ಕಡಲ ತೀರಕ್ಕೆ ಬರುವ ಕುಟುಂಬಗಳಿಗೆ ಬಾಡಿಗೆಗೆ ಬಿಡುತ್ತಿದ್ದರು. ಕಕ್ಕಸಿನದೆಲ್ಲ ಗಾಡಿಯ ಹೊಟ್ಟೆಯಡಿಯ ಟ್ಯಾಂಕಿಗೆ ಬೀಳುತ್ತದೆ. ಅದು ಎಷ್ಟು ತುಂಬಿದೆ ಎಂದು ತೋರಿಸಲು ಒಳಗೆ ಸಾಲು ದೀಪಗಳು. ಟ್ಯಾಂಕಿನ ಗೋಡೆ ಕೊರೆದು ಕೂಡಿಸಿದ ಉಕ್ಕಿನ ಮೊಳೆಗಳಿಗೆ ನೀರು ತಾಗಿದರೆ ಆ ಮಟ್ಟದ ದೀಪ ಹತ್ತಬೇಕು. ಆದರೆ ಮೊಳೆಗಳಿಗೆ ಕಾಗದ, ಜಿಡ್ಡು ಮೆತ್ತಿಕೊಂಡರೆ ಟ್ಯಾಂಕು ಖಾಲಿಯಿದ್ದರೂ ದೀಪಗಳು ಉರಿಯುತ್ತಲೇ ಇರುತ್ತವೆ. ಯಾವಾಗ ನೋಡಿದರೂ ತುಂಬಿದೆ ಎನ್ನುವ ದೀಪವನ್ನು ಯಾರು ನಂಬುತ್ತಾರೆ? ಡ್ರೈವರ ಅಂದಾಜಿನ ಮೇಲೆ ನಡೆಸುತ್ತಿದ್ದ. ಒಂದು ದಿನ ಅಂದಾಜು ತಪ್ಪಿ ಕಕ್ಕಸು ಉಕ್ಕಿ ಹಾಸಿಗೆಯ ತನಕ ಹರಿಯಿತು.

ಹೊನ್ನಾವರದಲ್ಲಿ ನನ್ನದು ವೈರಿಂಗ್ ಅಂಗಡಿ. ಹೆಚ್ಚಾಗಿ ಮೀನಿನ ಬೋಟುಗಳ ಕೆಲಸ, ನಡುವೆ ಲಾರಿ, ಟೆಂಪೊ. ಡ್ರೈವರ ಗಾಡಿಯನ್ನು ನನ್ನಲ್ಲಿಗೆ ತಂದ. ಮಂಕಿಯವ, ನನ್ನದೇ ವಯಸ್ಸು, ಮೊದಲು ಶಾಲೆಯ ವ್ಯಾನು ಓಡಿಸುತ್ತಿದ್ದ. ಜೋರು ಮಾತೇ ಬಾರದ ಮನುಷ್ಯ.

"ಎಂತ ಆತು?" ಅಂದೆ.

"ಸುಳ್ಳು ಹೇಳಿದ್ದು ಮೀಟ್ರು. ಪೆಟ್ಟು ಬಿದ್ದದ್ದು ನಂಗೆ," ಅಂದ. ನಗಲು ನೋಡಿದ, ಆಗಲಿಲ್ಲ.

ಹಳೆಯ ಮೊಳೆಗಳನ್ನು ಕಿತ್ತು ತೂತು ಮುಚ್ಚಿದೆ. ಬ್ಲೀಚಿಂಗ್ ಪುಡಿ ಹಾಕಿ, ಬಿಸಿನೀರು ಹೊಯ್ದು, ವಾಸನೆಯ ಸುಳಿವೂ ಉಳಿಯದ ಹಾಗೆ ಟ್ಯಾಂಕು ತೊಳೆದೆವು. ಹೊಸ ಸೆನ್ಸರು ಪಟ್ಟಿಯಂಥದು. ಟ್ಯಾಂಕಿನ ಹೊರಮೈಗೆ ಅಂಟಿಸಿದರೆ ಸಾಕು, ಒಳಗಿನ ನೀರು ಅದಕ್ಕೆ ಗೊತ್ತಾಗುತ್ತದೆ. ಆದರೆ ಯಾವುದು ತುಂಬಿದ್ದು, ಯಾವುದು ಖಾಲಿ ಎಂದು ಒಮ್ಮೆ ಕಲಿಸಿಕೊಡಬೇಕು. ನನ್ನ ಬಾವಿಯ ನೀರು ತುಂಬಿಸಿ, ಗುಂಡಿ ಒತ್ತಿ ತುಂಬಿದ ಗುರುತು ಮಾಡಿದೆ. ಕುಲುಕಾಟಕ್ಕೆ ದೀಪಗಳು ಹೆದರುತ್ತವೋ ನೋಡೋಣ ಎಂದು ಕುಮಟೆಯ ಕಡೆಗೆ ಹೊರಟೆವು. ದೀಪಗಳು ಒಂದಿಷ್ಟೂ ಅಲುಗಲಿಲ್ಲ. ಡ್ರೈವರನ ಮುಖದಲ್ಲಿ ಅವತ್ತು ಮೊದಲ ಸಲ ನಿರಾಳ ಕಂಡೆ.

ಇನ್ನು ನೀರು ಬಿಟ್ಟು ಖಾಲಿ ಗುರುತು ಮಾಡಬೇಕಿತ್ತು. "ಎಲ್ಲಿ ಬಿಡೂದು?" ಎಂದು ಕೇಳಿದ. ಹೊಳೆಯ ಬದಿಯ ಅಘನಾಶಿನಿ ಊರಿನಲ್ಲಿ ನನ್ನ ದೊಡ್ಡಮ್ಮನ ಮನೆಯಿದೆ. ಅಲ್ಲೇ ಹೊಳೆಯ ಬದಿಯಲ್ಲಿ ಬಿಡುವಾ, ಆಮೇಲೆ ದೊಡ್ಡಮ್ಮನ ಕೈಯ ಚಾ ಕುಡಿದು ಬರುವಾ ಅಂದೆ. ಆ ಹೊಳೆಯಲ್ಲಿ ಈಜು ಕಲಿತವ ನಾನು. ಕಲಿಸಿದವನು ದೊಡ್ಡಮ್ಮನ ಮಗ, ನಮ್ಮ ಅಣ್ಣ.

ನನಗೆ ತಿಳಿಯದೇ ಇದ್ದದ್ದು ಇದು: ಯಾವುದೋ ಟ್ಯಾಂಕರಿನವರು ಕದ್ದು ಬಂದು ಅಲ್ಲಿ ಹೊಲಸು ಸುರಿದು ಹೋಗುತ್ತಿದ್ದರು. ಹೊಳೆಯ ತಳದಲ್ಲಿ ಹೆಂಗಸರು ಆರಿಸುವ ಬಳಚು, ಆ ಚಿಪ್ಪಿನೊಳಗಿನ ಜೀವ, ರಾಶಿ ರಾಶಿ ಸತ್ತು ಬಾಯಿ ತೆರೆದಿತ್ತು. ಕೇರಿಯ ಮಕ್ಕಳಿಗೆ ವಾಂತಿ ಭೇದಿ. ಊರು ಯಾರಾದರೂ ಕೈಗೆ ಸಿಗಲಿ ಎಂದು ಕಾಯುತ್ತಿತ್ತು.

ನಾವು ಸಿಕ್ಕಿದೆವು.

ನಾನು ಗಾಡಿಯಡಿ ಮಲಗಿ ವಾಲ್ವು ತೆರೆದೆ. ದಪ್ಪ ಪೈಪಿನಿಂದ ನೀರು ಧೋ ಎಂದು ಮರಳಿಗೆ ಬಿತ್ತು. ಸ್ವಲ್ಪ ಹೊತ್ತಿಗೆ ಗಾಜು ಒಡೆದ ಸದ್ದು.

"ಇದೇ ಗಾಡಿ! ಹೊಳಿಗೆ ಹೇಲು ಬಿಡೂ ಗಾಡಿ ಇದೇಯ!"

ಯಾರೋ ನನ್ನ ಕಾಲು ಹಿಡಿದು ಎಳೆದರು. ಬೆನ್ನು ಕಲ್ಲಿನ ಮೇಲೆ ತರಚುತ್ತಾ ಹೊರಗೆ ಬಂದೆ. ಏಳುವ ಮೊದಲೇ ಹೊಟ್ಟೆಗೆ ಒದೆ ಬಿತ್ತು. ಉಸಿರು ನಿಂತುಹೋಯಿತು. ನನ್ನ ಮುಖವೆಲ್ಲ ಕೆಸರು. ಅವರ ಮುಖಗಳು ನನಗೆ ಕಾಣುತ್ತಿದ್ದವು, ನನ್ನ ಗುರುತು ಅವರಿಗೆ ಹತ್ತುತ್ತಿರಲಿಲ್ಲ. ಹೆಸರು ಹಿಡಿದು ಕರೆಯಬೇಕೆಂದರೆ ಗಂಟಲಿನಿಂದ ಗಾಳಿಯೇ ಹೊರಡದು. ದೋಣಿಯ ಹುಟ್ಟು ಹಿಡಿದ ಕೈಗಳು, ದೊಣ್ಣೆ ಹಿಡಿದ ಕೈಗಳು. ಹೆಂಗಸೊಬ್ಬಳು ಚಿಪ್ಪು ತುಂಬಿದ ಬುಟ್ಟಿಯನ್ನೇ ಎತ್ತಿ ನನ್ನ ಮುಖಕ್ಕೆ ಅಪ್ಪಳಿಸಿದಳು. ಹುಬ್ಬು ಸೀಳಿ ಕಣ್ಣಿಗೆ ರಕ್ತ ಇಳಿಯಿತು.

ಡ್ರೈವರ ಓಡಿಹೋಗಬಹುದಿತ್ತು. ಗಾಡಿಯ ಆಚೆ ಬದಿಯಲ್ಲಿದ್ದ, ಅಲ್ಲಿ ಯಾರೂ ಇರಲಿಲ್ಲ. ಅವನು ಸುತ್ತಿ ಬಂದು ನಡುವೆ ನುಗ್ಗಿದ.

"ಬರೇ ನೀರ್ರಾ ಇದು! ಬಾವಿ ನೀರು! ಹೊಡೀಬೇಡ್ರಿ!"

ಅವನ ತಲೆಗೂ ಬಿತ್ತು. ಆಗ ಅವನು ಮಾಡಿದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ. "ಕುಡ್ದು ತೋರಿಸ್ತೆ, ನೋಡಿ!" ಎಂದು ಕೂಗಿ ಪೈಪಿನ ಎದುರು ಮೊಣಕಾಲೂರಿದ. ಬೊಗಸೆಯೊಡ್ಡಿ, ಅದೇ ಟ್ಯಾಂಕಿನ ನೀರನ್ನು ಗಟಗಟ ಕುಡಿದ. ಮತ್ತೆ ಬೊಗಸೆ ಒಡ್ಡಿದ.

ಒಂದು ಗಳಿಗೆ ಎಲ್ಲರ ಕೈಗಳೂ ನಿಂತವು. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಓಡಿ ಬಂದು, ಬಗ್ಗಿದ್ದ ಆ ತಲೆಗೆ ಒದ್ದ. ತಲೆ ವಾಲ್ವಿನ ಕಬ್ಬಿಣಕ್ಕೆ ಬಡಿದ ಸದ್ದು ಕೇಳಿತು. ಡ್ರೈವರನ ಬಾಯಲ್ಲಿದ್ದ ನೀರು ಕೆಂಪಾಗಿ ಹೊರಬಂತು. ಎಡಗಿವಿಯಿಂದಲೂ ರಕ್ತ.

ಒದ್ದವನು ನಮ್ಮ ಅಣ್ಣ.

ಬುಟ್ಟಿಯಿಂದ ಹೊಡೆದಿದ್ದ ಹೆಂಗಸು ಆಗಲೇ ನನ್ನನ್ನು ನೆಟ್ಟಗೆ ನೋಡಿದ್ದು. ಸೆರಗಿನಿಂದ ನನ್ನ ಮುಖ ಒರೆಸಿದಳು. "ಅಯ್ಯೋ! ಇದು ನಮ್ಮ ಹುಡ್ಗ ಅಲ್ದಾ! ಬಿಡ್ರಾ, ಬಿಡ್ರಾ!" ಎಂದು ಎದೆ ಬಡಿದುಕೊಂಡಳು. ದೊಡ್ಡಮ್ಮ. ಗುಂಪು ಕರಗಿಹೋಯಿತು. ಪೈಪಿನಿಂದ ನೀರು ಇನ್ನೂ ಸಣ್ಣಗೆ ಹರಿಯುತ್ತಿತ್ತು.

ಕುಮಟೆಯ ಆಸ್ಪತ್ರೆಯಲ್ಲಿ ನನ್ನ ಹುಬ್ಬಿಗೆ ಹೊಲಿಗೆ ಹಾಕಿದರು. ಡ್ರೈವರನ ಎಡಗಿವಿಯ ತಮಟೆ ಹರಿದು ಒಳಕಿವಿಗೂ ಪೆಟ್ಟಾಗಿದೆ, ಆ ಕಡೆಯ ಕೇಳುವಿಕೆ ಮರಳುವುದಿಲ್ಲ ಎಂದರು ಡಾಕ್ಟರು. ಭಟ್ಕಳದ ಯಜಮಾನರು ಬಂದು ಅವನ ಮಂಚದ ಬದಿಯಲ್ಲೇ ಕೂತರು. ಪೊಲೀಸರು ಕೇಳಿದಾಗ ಡ್ರೈವರ, "ನಾ ಬಗ್ಗಿದ್ದೆ, ಯಾರ್ದೂ ಮುಖ ಕಾಣ್ಲಿಲ್ಲ," ಅಂದ. ನನ್ನನ್ನು ಕೇಳಿದರು. ದೊಡ್ಡಮ್ಮ ಬಾಗಿಲ ಹೊರಗೆ ನಿಂತಿದ್ದಳು. ನಾನು ಅಣ್ಣನ ಹೆಸರು ಹೇಳಿದೆ.

ಅವನನ್ನು ಹಿಡಿದುಕೊಂಡು ಹೋದ ಮಾರನೆಯ ದಿನ ದೊಡ್ಡಮ್ಮ ಬಸ್ಸು ಹತ್ತಿ ಹೊನ್ನಾವರಕ್ಕೆ ಬಂದಳು. ಗಿರಾಕಿಗಳ ಎದುರೇ ಚಪ್ಪಲಿ ಕಳಚಿ ನನ್ನ ತೋಳಿಗೆ, ಬೆನ್ನಿಗೆ ಬಾರಿಸತೊಡಗಿದಳು.

"ಅಣ್ಣನ್ನೇ ಪೊಲೀಸ್ರ ಕೈಗೆ ಕೊಟ್ಯಲ್ಲಾ! ನನ್ನ ಕೈಯ ಅನ್ನ ಉಂಡವ ನೀನು!"

"ಅಂವ ನೀರು ಕುಡೀತಾ ಇದ್ದಿದ್ದ, ದೊಡ್ಡಮ್ಮಾ. ಬಗ್ಗಿ ಕುಡೀತಾ ಇದ್ದವ್ನಿಗೆ ಒದ್ದ."

"ಅದು ಬಾವಿ ನೀರು ಅಂತ ನಮ್ಗೆ ಹ್ಯಾಂಗೆ ಗೊತ್ತಾಗ್ಬೇಕು?"

"ಕೇಳ್ಬಹುದಿತ್ತು."

ಚಪ್ಪಲಿ ಇನ್ನೊಮ್ಮೆ ಮೇಲೆದ್ದು, ಹೊಡೆಯದೆ ಕೆಳಗಿಳಿಯಿತು. ಅವಳು ಅಲ್ಲೇ ಬ್ಯಾಟರಿಗಳ ನಡುವೆ ಕುಸಿದು ಕೂತು ಅತ್ತಳು. ನೀರು ಕೊಟ್ಟೆ, ಮುಟ್ಟಲಿಲ್ಲ. ಅವತ್ತಿನಿಂದ ಆ ಮನೆಗೂ ನಮ್ಮ ಮನೆಗೂ ಹೋಗಿಬರುವುದಿಲ್ಲ. ಅಮ್ಮ ಅದಕ್ಕೆ ನನ್ನನ್ನು ಬೈಯಲೂ ಇಲ್ಲ, ಸರಿ ಅನ್ನಲೂ ಇಲ್ಲ.

ಒಡೆದ ಗಾಜುಗಳೊಂದಿಗೆ ಗಾಡಿ ನನ್ನ ಅಂಗಡಿಗೆ ವಾಪಸು ಬಂದಾಗ ಟ್ಯಾಂಕು ಪೂರಾ ಬರಿದಾಗಿತ್ತು. ಬಾಕಿ ಇದ್ದ ಗುಂಡಿ ಒತ್ತಿ ಖಾಲಿ ಗುರುತು ಮಾಡಿ ಮುಗಿಸಿದೆ. ಡ್ರೈವರ ಮೈ ಸುಧಾರಿಸಿಕೊಂಡ ಮೇಲೆ ಕಾರವಾರದ ತನಕ ಅದನ್ನೇ ಓಡಿಸುತ್ತಿದ್ದಾನೆ.

ಅಣ್ಣ ಜಾಮೀನಿನ ಮೇಲೆ ಹೊರಗಿದ್ದಾನೆ. ಕುಮಟೆಯ ಕೋರ್ಟಿನಲ್ಲಿ ಕೇಸು ನಡೆಯುತ್ತಿದೆ. ಹೋದ ಸಲ ವರಾಂಡದಲ್ಲಿ ಬೆಂಚು ಖಾಲಿಯಿರಲಿಲ್ಲ. ಅಣ್ಣ ಬಂದವನೇ ಡ್ರೈವರನ ಎಡಗಡೆ ಸಿಕ್ಕಿದ ಜಾಗದಲ್ಲಿ ಕೂತ. ನಾನು ಎದುರಿನ ಗೋಡೆಗೆ ಒರಗಿ ನಿಂತಿದ್ದೆ. ಅಣ್ಣ ತಲೆ ತಗ್ಗಿಸಿಕೊಂಡೇ ಏನೋ ಗುಣುಗುಟ್ಟಿದ. ಡ್ರೈವರ ಅವನ ಕಡೆ ತಿರುಗಿ, "ಈ ಬದಿ ಬಂದು ಹೇಳಿ. ಆ ಕಿವಿ ಕೇಳೂದಿಲ್ಲ," ಅಂದ.

ಅಣ್ಣ ಎದ್ದ. ಡ್ರೈವರ ಆ ಜಾಗಕ್ಕೆ ಸರಿದುಕೊಂಡ, ಅಣ್ಣ ಅವನ ಬಲಗಡೆಗೆ ಬಂದು ಕೂತ. ಬಾಯಿ ತೆರೆದ. ಮತ್ತೆ ಮುಚ್ಚಿದ. ಒಳಗಿನಿಂದ ಕೇಸಿನ ನಂಬರು ಕೂಗುವ ತನಕ ಇಬ್ಬರೂ ಹಾಗೆಯೇ ಭುಜಕ್ಕೆ ಭುಜ ತಾಗಿಸಿಕೊಂಡು ಕೂತಿದ್ದರು.